ಎರಡು ಬಾಯಿಯ ಯಂತ್ರ

ಯಂತ್ರವೊಂದು ಕೆಟ್ಟಿತೆಂದು ಹೇಳುವಾಗ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಮಾತಿನೊಳಗೆ ಸೇರಿಸಿಬಿಡುವುದುಂಟು. ಯಂತ್ರದ ಅಂಗವೊಂದು ನಿಜವಾಗಿಯೂ ಹಾಳಾಗಿರುವುದು ಒಂದು. ಅಂಗಗಳೆಲ್ಲ ಸರಿಯಾಗಿದ್ದು, ಯಂತ್ರವು ತನಗೆ ತಿಳಿಸಿದಂತೆಯೇ ನಡೆಯುತ್ತಿದ್ದು, ತಿಳಿಸಿದ್ದು ಮಾತ್ರ ನಮ್ಮ ಇಷ್ಟಕ್ಕೆ ಹೊಂದದಿರುವುದು ಇನ್ನೊಂದು. ಮೊದಲನೆಯದಕ್ಕೆ ಬೆಸುಗೆ ಬೇಕು, ಬಿಡಿಭಾಗ ಬೇಕು, ಹಣ ಬೇಕು. ಎರಡನೆಯದಕ್ಕೆ ಕೊಂಚ ತಾಳ್ಮೆ ಸಾಕು. ಇವೆರಡರ ಭೇದವನ್ನು ಅರಿಯದೆ ಹೋದರೆ ಎಷ್ಟು ಕಾಲ ವ್ಯರ್ಥವಾಗುವುದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಕಳೆದ ವರ್ಷ, ಒಂದು ಗಣಕಯಂತ್ರದ ಮುಂದೆ.

ನಮ್ಮ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಗೆ ಎಳೆತನದಿಂದಲೂ ದೃಷ್ಟಿಯಿಲ್ಲ. ಗ್ರಂಥಾಲಯದ ಮೂಲೆಯಲ್ಲಿದ್ದ ಹಳೆಯ ಗಣಕಯಂತ್ರವೊಂದನ್ನು ಆಕೆಗೆಂದು ಬಿಟ್ಟುಕೊಟ್ಟಿದ್ದೆವು. ಅದರಲ್ಲಿರುವುದು ಲಿನಕ್ಸ್. ಓರ್ಕಾ ಎಂಬ ತಂತ್ರಾಂಶ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಅದಕ್ಕೆ ಕಂಠವನ್ನು ಒದಗಿಸುವ ಇ-ಸ್ಪೀಕ್ ಎಂಬ ಇನ್ನೊಂದು ತಂತ್ರಾಂಶ ಕನ್ನಡವನ್ನೂ ಬಲ್ಲುದು. ಆ ಕಂಠ ಇಂಪಾಗಿದೆಯೆಂದು ಯಾರೂ ಹೇಳಲಾರರು. ನೆಗಡಿಯಾದ ಮೇಷ್ಟರೊಬ್ಬರು ಹಾಜರಿ ಕೂಗಿದ ಹಾಗಿರುತ್ತದೆ. ಆದರೆ ಆಕೆ ಅದನ್ನು ನಮ್ಮ ಕಿವಿ ಹಿಡಿಯಲಾರದಷ್ಟು ವೇಗದಲ್ಲಿ ಓದಿಸಿಕೊಂಡು, ನಾವು ಎರಡು ಗಂಟೆಯಲ್ಲಿ ಓದುವುದನ್ನು ಒಂದು ಗಂಟೆಯಲ್ಲಿ ಮುಗಿಸುತ್ತಿದ್ದಳು.

ಪರೀಕ್ಷೆಗೆ ಎರಡು ವಾರಗಳಿದ್ದಾಗ ಆ ಯಂತ್ರದ ಪರದೆ ಕೆಟ್ಟಿತು. ಹೊಸ ಪರದೆ ಬಂತು. ಅದರ ತಂತಿ ಎಚ್‌ಡಿಎಂಐ ಎಂಬ ಬಗೆಯದು. ಹಳೆಯ ಯಂತ್ರದಲ್ಲಿ ಅದಕ್ಕೆ ತಕ್ಕ ಜಾಗವಿರಲಿಲ್ಲವಾದ್ದರಿಂದ ಚಿತ್ರಕ್ಕೆಂದು ಒಂದು ಗ್ರಾಫಿಕ್ಸ್ ಕಾರ್ಡನ್ನೂ ಕೂಡಿಸಿದರು. ಪರದೆ ಚೆನ್ನಾಗಿ ಬೆಳಗಿತು. ಮರುದಿನ ಬೆಳಗ್ಗೆ ಆಕೆ ಬಂದು ಇಯರ್‌ಫೋನನ್ನು ಕಿವಿಗಿಟ್ಟುಕೊಂಡರೆ ಯಂತ್ರ ಮೂಕವಾಗಿತ್ತು.

ನೋಡಲು ಬಂದವರು ಸೌಂಡ್ ಕಾರ್ಡು ಸುಟ್ಟಿದೆಯೆಂದು ತೀರ್ಮಾನಿಸಿ ಹೊಸದಕ್ಕೆ ಕಾಗದ ಬರೆಸಿದರು. ಇನ್ನೊಬ್ಬರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದರೆ ಸರಿಹೋಗುವುದೆಂದರು. ಲಿನಕ್ಸ್ ಎಂದರೆ ಇಷ್ಟೇ ಎಂದು ತಲೆಯಾಡಿಸಿದವರೂ ಇದ್ದರು. ಮೂರನೆಯ ದಿನ ಆಕೆ ಭೌತಶಾಸ್ತ್ರ ವಿಭಾಗದ ಬಾಗಿಲಿಗೆ ಬಂದು, "ಸರ್, ಯಂತ್ರ ಸುಮ್ಮನಿದೆ. ಅದು ಕೆಟ್ಟಿದೆಯೋ, ನಾನೇ ಏನಾದರೂ ಒತ್ತಿಬಿಟ್ಟೆನೋ ತಿಳಿಯುತ್ತಿಲ್ಲ" ಎಂದಳು.

ನಾನು ಈ ವಿದ್ಯೆಯಲ್ಲಿ ಪಂಡಿತನಲ್ಲ. ಆದರೆ ಪ್ರಯೋಗಶಾಲೆಯಲ್ಲಿ ವಿದ್ಯುನ್ಮಂಡಲ ನಡೆಯದಿದ್ದಾಗ ಪ್ರವಾಹ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ಹುಡುಕುವುದು ನಮಗೆ ದಿನನಿತ್ಯದ ಕೆಲಸವಷ್ಟೆ. ಹೊಸ ಪರದೆಯ ಹಿಂಬದಿಯಲ್ಲಿ ಧ್ವನಿವರ್ಧಕವಿರಲಿಲ್ಲ. ಇಯರ್‌ಫೋನು ಚುಚ್ಚುವ ಒಂದು ಸಣ್ಣ ರಂಧ್ರ ಮಾತ್ರ ಇತ್ತು. ಸುಮ್ಮನೆ ಅದರಲ್ಲಿ ಚುಚ್ಚಿ ನೋಡಿದೆ. ಒಳಗೆ ಆ ನೆಗಡಿಯ ಕಂಠ ನಿರಾಯಾಸವಾಗಿ ಓದುತ್ತಿತ್ತು! ಮೂರು ದಿನವೂ ಯಂತ್ರ ಒಂದು ಕ್ಷಣವೂ ಮೂಕವಾಗಿರಲಿಲ್ಲ. ಯಾರೂ ಕಿವಿಗೊಡದ ಕಡೆಗೆ ಮುಖ ಮಾಡಿ ಮಾತನಾಡುತ್ತಿತ್ತು, ಅಷ್ಟೆ.

ಹೀಗೇಕಾಯಿತೆಂಬುದನ್ನು ತಿಳಿಯಬೇಕಾದರೆ ಗಣಕಯಂತ್ರದಿಂದ ಧ್ವನಿ ಹೊರಡುವ ಬಗೆಯನ್ನು ಸ್ವಲ್ಪ ನೋಡಬೇಕು. ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತವೆಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಗಳೂ ಬಲ್ಲರು. ಗಣಕಯಂತ್ರದೊಳಗೆ ಗಾಳಿಯೂ ಇಲ್ಲ, ಒತ್ತಡವೂ ಇಲ್ಲ. ಅಲ್ಲಿರುವುದು ಅಂಕಿಗಳ ಸಾಲು. ಸೆಕೆಂಡಿಗೆ ೪೮,೦೦೦ ಸಲ ಆ ಏರಿಳಿತವನ್ನು ಅಳೆದು, ಪ್ರತಿ ಸಲವೂ ೬೫,೫೩೬ ಮೆಟ್ಟಿಲುಗಳುಳ್ಳ ಒಂದು ಏಣಿಯ ಮೇಲೆ ಅದು ಎಷ್ಟನೆಯ ಮೆಟ್ಟಿಲಿನಲ್ಲಿತ್ತೆಂದು ಬರೆದಿಟ್ಟರೆ ಆ ಸಾಲು ಸಿದ್ಧವಾಯಿತು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಬಲ್ಲುದು. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಏನೂ ತಪ್ಪಿಹೋಗದೆಂಬುದು ಗಣಿತದಿಂದ ಸಿದ್ಧವಾದ ಮಾತು. ಎಡಕಿವಿಗೊಂದು, ಬಲಕಿವಿಗೊಂದು ಸಾಲು; ಒಂದೊಂದು ಅಂಕಿಗೆ ಎರಡು ಬೈಟು. ಹೀಗೆ ಸೆಕೆಂಡಿಗೆ ೧,೯೨,೦೦೦ ಬೈಟುಗಳು ಹರಿಯುತ್ತಿರಬೇಕು.

ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಏರಿಳಿತವನ್ನಾಗಿ ಮಾಡುವ ಅಂಗವೇ ಸೌಂಡ್ ಕಾರ್ಡು. ಹೆಸರಿಗೆ ಕಾರ್ಡು, ಈಗ ಅದು ಬೇರೆಯ ಹಲಗೆಯಾಗಿರದೆ ಯಂತ್ರದ ಮೂಲಫಲಕದ ಮೇಲೆಯೇ ಒಂದು ಚಿಪ್ಪಾಗಿ ಕುಳಿತಿರುತ್ತದೆ. ಸೌಂಡ್ ಬ್ಲಾಸ್ಟರ್ ಎಂಬ ಕಾರ್ಡು ೧೯೮೯ರಲ್ಲಿ ಮಾರುಕಟ್ಟೆಗೆ ಬಂದಾಗ ಅದನ್ನು ಕೊಂಡುತಂದು ಯಂತ್ರದೊಳಗೆ ಸಿಕ್ಕಿಸಬೇಕಾಗಿತ್ತು. ಆ ಕಾಲದಲ್ಲಿ ಯಂತ್ರಕ್ಕೆ ಒಂದು ಬಾಯಿ ಇದ್ದರೆ ಅದೇ ದೊಡ್ಡದು. ಯಾವ ಬಾಯಿಯಿಂದ ನುಡಿಯಬೇಕೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಈಗಿನ ಯಂತ್ರದ ಸ್ಥಿತಿ ಬೇರೆ. ಮೂಲಫಲಕದ ಮೇಲೆ ಒಂದು ಬಾಯಿ. ಗ್ರಾಫಿಕ್ಸ್ ಕಾರ್ಡು ಚಿತ್ರದೊಡನೆ ಧ್ವನಿಯ ಅಂಕಿಗಳನ್ನೂ ಅದೇ ಎಚ್‌ಡಿಎಂಐ ತಂತಿಯಲ್ಲಿ ಕಳುಹಿಸಬಲ್ಲುದಾದ್ದರಿಂದ ಅದು ಇನ್ನೊಂದು. ಯುಎಸ್‌ಬಿ ಹೆಡ್‌ಸೆಟ್ಟನ್ನು ಚುಚ್ಚಿದರೆ ಅದರ ಹೊಟ್ಟೆಯಲ್ಲಿ ಮೂರನೆಯದು. ನಿಸ್ತಂತು ಬ್ಲೂಟೂತ್ ಧ್ವನಿವರ್ಧಕವಿದ್ದರೆ ನಾಲ್ಕನೆಯದು. ರಾವಣನಿಗೆ ಹತ್ತು ಬಾಯಿಗಳಿದ್ದರೂ ಯಾವುದರಿಂದ ಮಾತನಾಡಬೇಕೆಂಬುದು ಅವನಿಗೆ ತಿಳಿದಿತ್ತು. ಗಣಕಯಂತ್ರಕ್ಕೆ ಅದನ್ನು ಯಾರಾದರೂ ಹೇಳಬೇಕು. ಯಾರೂ ಹೇಳದಿದ್ದರೆ?

ಯಾರೂ ಹೇಳದಿದ್ದಾಗ ಅನ್ವಯಿಸುವ ಆಯ್ಕೆಗೆ ‘ಡಿಫಾಲ್ಟ್’ ಎಂದು ಹೆಸರು. ಬ್ಯಾಂಕಿನ ಕಂತನ್ನು ಕಟ್ಟದವನನ್ನು ಡಿಫಾಲ್ಟರ್ ಎನ್ನುತ್ತಾರಲ್ಲ, ಅದೇ ಮಾತು. ಮಾಡಬೇಕಾದವನು ಮಾಡದೆ ಬಿಟ್ಟದ್ದು ಎಂಬ ಅರ್ಥ ಎರಡರಲ್ಲಿಯೂ ಉಂಟು. ಕನ್ನಡದಲ್ಲಿ ತಂತ್ರಾಂಶಗಳನ್ನು ಅನುವಾದಿಸಿದವರು ಇದನ್ನು ‘ಪೂರ್ವನಿಯೋಜಿತ’ ಎಂದು ಕರೆದಿದ್ದಾರೆ. ಮಾತು ಗಂಭೀರವಾಗಿದೆ, ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಪೂರ್ವನಿಯೋಜಿತವೆಂದರೆ ವಿಧಿಲಿಖಿತವೆಂಬ ಭಾವನೆ ಓದುವವನಿಗೆ ಬಂದೀತು. ವಸ್ತುತಃ ಅದು ಯಾರೋ ಒಬ್ಬ ತಂತ್ರಜ್ಞ, ನಮ್ಮನ್ನು ಎಂದೂ ನೋಡದವನು, ಬಹುಜನರಿಗೆ ಒಪ್ಪೀತೆಂದು ಊಹಿಸಿ ಬರೆದ ಒಂದು ಸಾಲು.

ಲಿನಕ್ಸಿನಲ್ಲಿ ಈ ಸಾಲು ಒಂದೇ ಕಡೆ ಇಲ್ಲದಿರುವುದೇ ತೊಡಕಿಗೆಲ್ಲ ಮೂಲ. ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಇದನ್ನು ಪ್ರಾರಂಭಿಸಿದ ಮರುವರ್ಷವೇ ಹನ್ನು ಸಾವೊಲೈನೆನ್ ಎಂಬವರು ಧ್ವನಿಗೆ ಬೇಕಾದ ತಂತ್ರಾಂಶವನ್ನು ಬರೆದರು. ಅದೇ ಮುಂದೆ ಓಎಸ್‌ಎಸ್ ಎಂದು ಹೆಸರಾಯಿತು. ೧೯೯೮ರಲ್ಲಿ ಯಾರೊಸ್ಲಾವ್ ಕಿಸೆಲಾ ಪ್ರಾರಂಭಿಸಿದ ಆಲ್ಸಾ, ೨೦೦೩ರ ಕೊನೆಯಲ್ಲಿ ಹೊರಬಂದ ೨.೬ನೆಯ ಕರ್ನಲಿನಲ್ಲಿ ಓಎಸ್‌ಎಸ್‌ನ ಸ್ಥಾನವನ್ನು ಹಿಡಿಯಿತು. ಇಂದಿಗೂ ಎಲ್ಲಕ್ಕೂ ಕೆಳಗಿನ ಅಂತಸ್ತಿನಲ್ಲಿ ಕುಳಿತು ಸೌಂಡ್ ಕಾರ್ಡುಗಳೊಡನೆ ನೇರವಾಗಿ ವ್ಯವಹರಿಸತಕ್ಕದ್ದು ಅದೇ. ಅದು ಕಾರ್ಡುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಬೇರೆ ಅಪ್ಪಣೆ ಇಲ್ಲದಿದ್ದರೆ ಸೊನ್ನೆಯ ಕಾರ್ಡಿಗೇ ಧ್ವನಿಯನ್ನು ಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸೊನ್ನೆ, ಒಂದು, ಎರಡು ಎಂಬ ಈ ಸಂಖ್ಯೆಗಳು ಕಾರ್ಡುಗಳ ಗುಣಕ್ಕೆ ಸಂಬಂಧಿಸಿದವಲ್ಲ. ಯಂತ್ರವನ್ನು ಹೊತ್ತಿಸಿದಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಸೊನ್ನೆ. ಸಂತೆಯ ದಿನ ಬಸ್ಸು ಹತ್ತಿದವರ ಸಾಲಿನಲ್ಲಿ ಮೂರನೆಯವನೆಂದು ಒಬ್ಬನನ್ನು ಗುರುತಿಟ್ಟುಕೊಂಡರೆ ಮುಂದಿನ ಸಂತೆಗೆ ಅವನು ಐದನೆಯವನಾಗಿರಬಹುದಷ್ಟೆ. ಹೊಸ ಕಾರ್ಡನ್ನು ಕೂಡಿಸಿದರೆ, ಕೆಲವೊಮ್ಮೆ ಏನನ್ನೂ ಕೂಡಿಸದೆಯೇ, ಕ್ರಮ ಅದಲುಬದಲಾಗುವುದುಂಟು. ಹೀಗಾಗಬಾರದೆಂದು ಯುಎಸ್‌ಬಿ ಉಪಕರಣಗಳಿಗೆ ಎಂದೂ ಸೊನ್ನೆಯ ಸ್ಥಾನವನ್ನು ಕೊಡಬೇಡವೆಂಬ ಒಂದು ಸಾಲನ್ನು ಡೆಬಿಯನ್, ಉಬುಂಟು ಮುಂತಾದ ಬಗೆಗಳಲ್ಲಿ ಮೊದಲೇ ಬರೆದಿಡುವ ಪದ್ಧತಿಯಿದೆ. ಸಂಖ್ಯೆಗೆ ಬದಲಾಗಿ ಕಾರ್ಡಿನ ಹೆಸರನ್ನು ಹಿಡಿದರೆ ಈ ಭಯವಿಲ್ಲ. ಪ್ರತಿಯೊಂದು ಕಾರ್ಡಿಗೂ ಪಿಸಿಎಚ್, ಎಚ್‌ಡಿಎಂಐ ಎಂಬಂತಹ ಗಿಡ್ಡ ಹೆಸರೊಂದು ಇದ್ದೇ ಇರುತ್ತದೆ.

ಆಲ್ಸಾದ ಮೇಲಿನ ಅಂತಸ್ತಿನಲ್ಲಿ ‘ಸೌಂಡ್ ಸರ್ವರ್’ ಎಂಬ ಮಧ್ಯಸ್ಥನೊಬ್ಬನಿದ್ದಾನೆ. ಹಾಡು, ಪಾಠ, ಗಂಟೆಯ ಸದ್ದು ಎಲ್ಲವೂ ಏಕಕಾಲದಲ್ಲಿ ಬಂದರೆ ಅವನ್ನು ಬೆರೆಸುವವನು ಇವನೇ. ಹಾಡು ಸೆಕೆಂಡಿಗೆ ೪೪,೧೦೦ ಅಂಕಿಗಳ ಲೆಕ್ಕದಲ್ಲಿದ್ದು ಕಾರ್ಡು ೪೮,೦೦೦ದ ವೇಗದಲ್ಲಿ ಓಡುತ್ತಿದ್ದರೆ ನಡುವಣ ಅಂಕಿಗಳನ್ನು ಲೆಕ್ಕ ಹಾಕಿ ತುಂಬುವವನೂ ಇವನೇ. ತುಂಬದೆ ಹಾಗೆಯೇ ಬಿಟ್ಟರೆ ಹಾಡಿನ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಏರಿಬಿಡುತ್ತದೆ. ಸಂಗೀತ ಬಲ್ಲ ಮಿತ್ರರು ಲೆಕ್ಕ ಮಾಡಿ ನೋಡಬಹುದು. ಈ ಕೆಲಸಕ್ಕೆ ಲೆನಾರ್ಟ್ ಪೊಯೆಟರಿಂಗ್ ೨೦೦೪ರಲ್ಲಿ ಆರಂಭಿಸಿದ ಪಲ್ಸ್ ಆಡಿಯೊ ಬಹುಕಾಲ ಬಳಕೆಯಲ್ಲಿತ್ತು. ಈಗ ವಿಮ್ ಟೇಮನ್ಸ್ ರೂಪಿಸಿದ ಪೈಪ್‌ವೈರ್ ಅದರ ಕೆಲಸವನ್ನು ವಹಿಸಿಕೊಂಡಿದೆ. ಫೆಡೋರಾ ೨೦೨೧ರಲ್ಲಿಯೂ ಉಬುಂಟು ೨೦೨೨ರಲ್ಲಿಯೂ ಇದಕ್ಕೆ ಬದಲಾದವು. ಇವರ ಪರಿಭಾಷೆಯಲ್ಲಿ ಧ್ವನಿ ಹೊರಹೋಗುವ ದಾರಿಗೆ ‘ಸಿಂಕ್’ ಎಂದು ಹೆಸರು. ಹೌದು, ನಮ್ಮ ಅಡಿಗೆಮನೆಯ ಸಿಂಕೇ. ಅಲ್ಲಿ ನೀರು, ಇಲ್ಲಿ ಅಂಕಿ.

ಈ ಮಧ್ಯಸ್ಥನಿಗೂ ತನ್ನದೇ ಆದ ಪೂರ್ವನಿಯೋಜಿತ ಆಯ್ಕೆ ಒಂದಿದೆ, ತನ್ನದೇ ಆದ ನಿಯಮಗಳೂ ಇವೆ. ನಮ್ಮ ಗ್ರಂಥಾಲಯದ ಯಂತ್ರದಲ್ಲಿದ್ದ ನಿಯಮ ಇದು: ಹೊಸ ಉಪಕರಣವೊಂದು ಬಂದು ಸೇರಿತೆಂದರೆ ಬಳಸುವವರಿಗೆ ಅದೇ ಬೇಕಾಗಿದೆಯೆಂದು ತಿಳಿದು ಧ್ವನಿಯನ್ನು ಅತ್ತ ತಿರುಗಿಸತಕ್ಕದ್ದು. ನಿಯಮ ಅವಿವೇಕದ್ದೇನೂ ಅಲ್ಲ. ಹೆಡ್‌ಸೆಟ್ಟನ್ನು ಚುಚ್ಚಿದವನು ಅದರಲ್ಲಿ ಕೇಳಬೇಕೆಂದೇ ಚುಚ್ಚಿರುತ್ತಾನೆ. ಆದರೆ ಪರದೆಯನ್ನು ಕೂಡಿಸಿದವನು ನೋಡಲೆಂದು ಕೂಡಿಸಿದನೇ ಹೊರತು ಕೇಳಲೆಂದಲ್ಲ. ಇದನ್ನು ಯಂತ್ರ ಹೇಗೆ ತಿಳಿದೀತು?

ಪರದೆಯ ರಂಧ್ರದಲ್ಲಿಯೇ ಇಯರ್‌ಫೋನನ್ನು ಚುಚ್ಚಿ ಕೆಲಸ ಮುಗಿಸಬಹುದಿತ್ತಲ್ಲವೆ ಎಂದು ಕೆಲವರು ಕೇಳಿದರು. ಆಕೆಗೆ ಪರದೆಯಿಂದ ಏನು ಪ್ರಯೋಜನ? ಆಕೆ ಅದನ್ನು ಆರಿಸಿಯೇ ಇಡುತ್ತಿದ್ದಳು. ಪರದೆ ಆರಿದರೆ ಅದರ ಬಾಯೂ ಮುಚ್ಚಿದಂತೆಯೇ.

ಇನ್ನೂ ಒಂದು ಸಂಗತಿ ನನ್ನನ್ನು ಬಹಳ ಹೊತ್ತು ಕಾಡಿತು. ನಮಗೆ ನಿಮಗೆ ಧ್ವನಿ ನಿಂತರೆ ಇಲಿಯನ್ನು ಹಿಡಿದು ಸೆಟ್ಟಿಂಗ್ಸ್ ತೆರೆದು, ಧ್ವನಿಯ ಪುಟದಲ್ಲಿ ಬೇರೊಂದು ಸಾಧನವನ್ನು ಆರಿಸಿಕೊಳ್ಳುತ್ತೇವೆ. ಅರ್ಧ ನಿಮಿಷದ ಕೆಲಸ. ಆಕೆಗೆ ಆ ಪುಟವನ್ನು ಓದಿ ಹೇಳಬೇಕಾದ ಕಂಠವೇ ನಿಂತಿದೆ. ಯಂತ್ರದಲ್ಲಿರುವ ನೂರಾರು ಆಯ್ಕೆಗಳಲ್ಲಿ ಬೇರೆ ಯಾವುದು ತಪ್ಪಿದರೂ ಆಕೆ ತಾನೇ ಸರಿಪಡಿಸಿಕೊಳ್ಳಬಲ್ಲಳು. ಇದೊಂದು ತಪ್ಪಿದರೆ ಮಾತ್ರ ಇನ್ನೊಬ್ಬರ ಬಾಗಿಲಿಗೆ ಹೋಗಬೇಕು. ಬಹುಜನರಿಗೆ ಒಪ್ಪೀತೆಂದು ಬರೆದ ಸಾಲು ಆಕೆಯ ಮೂರು ದಿನಗಳನ್ನು ತಿಂದುಹಾಕಿತು, ಅದೂ ಪರೀಕ್ಷೆಯ ಮುಂದೆ. ಆದಕಾರಣ ಈ ವಿಷಯವನ್ನು ಕೇವಲ ಸಿನಿಮಾ ಹಾಡು ಕೇಳುವವರ ಅನನುಕೂಲವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಓದಿಹೇಳುವ ತಂತ್ರಾಂಶ ನಡೆಯುತ್ತಿರುವಾಗ ಯಾವ ಯಂತ್ರವೂ ಧ್ವನಿಯ ದಾರಿಯನ್ನು ಸದ್ದಿಲ್ಲದೆ ಬದಲಿಸಕೂಡದು. ಬದಲಿಸುವ ಮೊದಲು ಹಳೆಯ ದಾರಿಯಲ್ಲಿಯೇ ಒಂದು ಮಾತು ಹೇಳಿ ಹೋಗಬೇಕು. ಇದು ನನ್ನ ದೃಢವಾದ ಅಭಿಪ್ರಾಯ. ತಂತ್ರಾಂಶ ಬರೆಯುವ ನಮ್ಮ ತರುಣರು ಇದನ್ನು ಮಾಡಿ ತೋರಿಸಲಿ. ಲಿನಕ್ಸಿನ ಮೂಲ ಬರಹ ಎಲ್ಲರಿಗೂ ತೆರೆದಿದೆಯಲ್ಲವೆ?

ಈಗ ಹುಡುಕುವ ಕ್ರಮಕ್ಕೆ ಬರೋಣ. ಧ್ವನಿ ಬರದಿದ್ದಾಗ ಕೆಳಗಿನ ಅಂತಸ್ತಿನಿಂದ ಮೇಲಕ್ಕೆ ಹೋಗಬೇಕು. ಪ್ರಾಕ್ ಎಂಬ ಕೋಶದೊಳಗೆ ಎ-ಸೌಂಡ್ ಎಂಬ ಕೋಶವಿದೆ, ಅದರಲ್ಲಿ ಕಾರ್ಡ್ಸ್ ಎಂಬ ಕಡತವಿದೆ. ಇದು ಡಿಸ್ಕಿನ ಮೇಲೆ ಬರೆದಿಟ್ಟ ಕಡತವಲ್ಲ. ನಾವು ಓದಹೊರಟ ಕ್ಷಣದಲ್ಲಿ ಕರ್ನಲು ತನಗೆ ಕಾಣುತ್ತಿರುವ ಕಾರ್ಡುಗಳನ್ನು ಎಣಿಸಿ ಅದರಲ್ಲಿ ತೋರಿಸುತ್ತದೆ. ಅಲ್ಲಿ ಕಾರ್ಡಿನ ಹೆಸರೇ ಇಲ್ಲದಿದ್ದರೆ ಆಗ ಅಂಗದೋಷವನ್ನೋ ಡ್ರೈವರ್ ತಂತ್ರಾಂಶವನ್ನೋ ಶಂಕಿಸಬಹುದು. ನಮ್ಮ ಯಂತ್ರದಲ್ಲಿ ಎರಡು ಹೆಸರುಗಳೂ ಇದ್ದವು. ಸುಟ್ಟಿದೆಯೆಂದ ಕಾರ್ಡು ಅಲ್ಲಿಯೇ ಶಾಂತವಾಗಿ ಕುಳಿತಿತ್ತು. ಈ ಒಂದು ಪುಟವನ್ನು ಓದಿದ್ದರೆ ಹೊಸ ಕಾರ್ಡಿನ ಕಾಗದವನ್ನು ಯಾರೂ ಬರೆಯುತ್ತಿರಲಿಲ್ಲ. ತರುವಾಯ, ಆಲ್ಸಾ-ಮಿಕ್ಸರ್ ಎಂಬಲ್ಲಿ ಆ ಕಾರ್ಡಿನ ಬಾಯಿಗೆ ಬೀಗ ಹಾಕಿದೆಯೇ ನೋಡಬೇಕು. ಪಟ್ಟಿಯ ಕೆಳಗೆ ಎರಡು ‘ಎಂ’ ಅಕ್ಷರಗಳಿದ್ದರೆ ಬೀಗ ಬಿದ್ದಿದೆಯೆಂದು ಅರ್ಥ. ಆಮೇಲೆ ಮಧ್ಯಸ್ಥನ ಸರದಿ. ಡಬ್ಲ್ಯೂಪಿ-ಸಿಟಿಎಲ್ ಎಂಬ ಆಜ್ಞೆಗೆ ಸ್ಟೇಟಸ್ ಎಂದು ಸೇರಿಸಿ ಕೇಳಿದರೆ ಪೈಪ್‌ವೈರು ಸಿಂಕುಗಳ ಪಟ್ಟಿಯನ್ನು ಕೊಟ್ಟು, ಪೂರ್ವನಿಯೋಜಿತವಾದುದರ ಪಕ್ಕದಲ್ಲಿ ಒಂದು ನಕ್ಷತ್ರವನ್ನಿಡುತ್ತದೆ. ನಮ್ಮಲ್ಲಿ ಆ ನಕ್ಷತ್ರ ಎಚ್‌ಡಿಎಂಐ ಪಕ್ಕದಲ್ಲಿ ಹೊಳೆಯುತ್ತಿತ್ತು. ಅದೇ ಆಜ್ಞೆಗೆ ಸೆಟ್-ಡಿಫಾಲ್ಟ್ ಎಂದೂ ಬೇಕಾದ ಸಿಂಕಿನ ಸಂಖ್ಯೆಯನ್ನೂ ಸೇರಿಸಿದರೆ ನಕ್ಷತ್ರ ಸ್ಥಳ ಬದಲಿಸುತ್ತದೆ. ಆದರೆ ಈ ಸಂಖ್ಯೆಗಳೂ ಬಸ್ಸಿನ ಸಾಲಿನಂತಹವೇ, ದಿನಕ್ಕೊಂದು. ಪಿಎ-ಸಿಟಿಎಲ್ ಎಂಬ ಇನ್ನೊಂದು ಆಜ್ಞೆ ಸಿಂಕನ್ನು ಉದ್ದವಾದ ಹೆಸರಿನಿಂದ ಕರೆಯಬಲ್ಲುದಾದ್ದರಿಂದ ನೆನಪಿಟ್ಟು ಮತ್ತೆ ಮತ್ತೆ ಬಳಸಲು ಅದೇ ಮೇಲು. ಇಷ್ಟಾದರೂ ಒಂದು ತಂತ್ರಾಂಶ ಮಾತ್ರ ಹಳೆಯ ದಾರಿಯನ್ನೇ ಹಿಡಿದಿದ್ದರೆ ಗಾಬರಿಯಾಗಬೇಕಾದ್ದಿಲ್ಲ. ಯಾವ ತಂತ್ರಾಂಶ ಹಿಂದೆ ಯಾವ ದಾರಿಯಲ್ಲಿ ನುಡಿದಿತ್ತೆಂಬುದನ್ನು ಮಧ್ಯಸ್ಥ ನೆನಪಿಟ್ಟುಕೊಂಡಿರುತ್ತಾನೆ. ಅದನ್ನೊಂದನ್ನು ಪ್ರತ್ಯೇಕವಾಗಿ ತಿರುಗಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮನೆಯ ಕೋಶದಲ್ಲಿ ಎಸೌಂಡ್-ಆರ್‌ಸಿ ಎಂಬ ಕಡತವನ್ನು ಮಾಡಿ ಎರಡು ಸಾಲು ಬರೆದರೆ ಎಲ್ಲವೂ ಸರಿಹೋಗುವುದೆಂದು ಹಳಬರು ಹೇಳುವುದುಂಟು. ಮಧ್ಯಸ್ಥನಿಲ್ಲದ ಕಾಲಕ್ಕೆ ಆ ಮಾತು ನಿಜವಾಗಿತ್ತು. ಈಗ ಬಹುಪಾಲು ತಂತ್ರಾಂಶಗಳು ಆ ಕಡತವನ್ನು ತಿರುಗಿ ನೋಡುವುದಿಲ್ಲ; ನೋಡುವ ಕೆಲವು, ಬರೆದ ಸಾಲು ಕಾರ್ಡಿಗೆ ನೇರವಾಗಿ ಹೋಗೆಂದು ಹೇಳಿದ್ದರೆ, ಮಧ್ಯಸ್ಥನನ್ನು ದಾಟಿ ಕಾರ್ಡನ್ನು ತಮಗೇ ಹಿಡಿದುಕೊಂಡು ಉಳಿದವುಗಳ ಬಾಯಿ ಕಟ್ಟುತ್ತವೆ. ಯಾವ ಸಾಲು ಯಾವ ಅಂತಸ್ತಿಗೆ ಸೇರಿದ್ದೆಂಬುದನ್ನು ತಿಳಿಯದೆ ನಕಲು ಮಾಡುವುದೂ, ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕುವುದೂ ನನ್ನ ಮಟ್ಟಿಗೆ ಒಂದೇ ರೋಗದ ಎರಡು ಲಕ್ಷಣಗಳು. ಅಳಿಸಿ ಹಾಕಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ನಿಜ. ಏಕೆ ಸರಿಹೋಯಿತೆಂಬುದು ಮಾತ್ರ ಎಂದೆಂದಿಗೂ ತಿಳಿಯದೆ ಹೋಗುತ್ತದೆ.

ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು, ಹಿರಿಯರು, ಇದೆಲ್ಲ ರಿಪೇರಿಯವರ ಕೆಲಸ, ಇದನ್ನು ಭೌತಶಾಸ್ತ್ರದ ತರಗತಿಗೆ ಏಕೆ ತರುತ್ತೀರಿ ಎಂದು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಪಾಠಕ್ಕಿರುವ ಗಂಟೆಗಳೇ ಸಾಲದು. ಆದರೆ ನಮ್ಮ ಪ್ರಯೋಗಶಾಲೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಅವರಿಗೆ ಹೇಳಿದೆ. ಗಾಳಿಯ ಕಂಬದಲ್ಲಿ ಅನುರಣನವನ್ನು ಅಳೆಯುವ ಹಳೆಯ ಪ್ರಯೋಗವನ್ನು ಎಲ್ಲರೂ ಮಾಡಿರುತ್ತೀರಿ. ಸೆಕೆಂಡಿಗೆ ೫೧೨ ಕಂಪನಗಳ ಸ್ವರಕ್ಕೆ, ಧ್ವನಿಯ ವೇಗ ೩೪೩ ಮೀಟರುಗಳಾದರೆ, ಕಂಬದ ಉದ್ದ ಹೆಚ್ಚುಕಡಿಮೆ ೧೬.೭ ಸೆಂಟಿಮೀಟರ್ ಇದ್ದಾಗ ಸದ್ದು ಮೊದಲ ಸಲ ಉಬ್ಬುತ್ತದೆ. ಶ್ರುತಿಕವೆಗೆ ಬದಲಾಗಿ ಗಣಕಯಂತ್ರದಿಂದ ಸ್ವರವನ್ನು ಹೊರಡಿಸಿ, ಕೊಳವೆಯ ಬಾಯಿಯ ಬಳಿ ಸಣ್ಣ ಮೈಕನ್ನಿಟ್ಟು, ಸದ್ದಿನ ಪ್ರಮಾಣವನ್ನು ಯಂತ್ರದಲ್ಲಿಯೇ ದಾಖಲಿಸುವ ಏರ್ಪಾಡು ಮಾಡಿದ್ದೆ. ಒಂದು ತಂಡದವರು ಕೊಳವೆಯನ್ನು ಏರಿಸಿ ಇಳಿಸಿ ಇಪ್ಪತ್ತು ಅಳತೆಗಳನ್ನು ತೆಗೆದು, ಗ್ರಾಫ್ ಬರೆದು ತಂದರು. ಉಬ್ಬು ಎಲ್ಲಿಯೂ ಇರಲಿಲ್ಲ; ಇದ್ದ ಅಲ್ಪಸ್ವಲ್ಪ ಏರಿಳಿತದ ಮೇಲೆ ಬಲವಂತದಿಂದ ಒಂದು ಬೆಟ್ಟವನ್ನು ಬಿಡಿಸಿದ್ದರು. ಹೋಗಿ ನೋಡಿದರೆ ಯಂತ್ರ ಕೇಳಿಸಿಕೊಳ್ಳುತ್ತಿದ್ದುದು ಕೊಳವೆಯ ಬಳಿಯ ಮೈಕಿನಿಂದಲ್ಲ, ಪರದೆಯ ಮೇಲಿದ್ದ ವೆಬ್‌ಕ್ಯಾಮೆರಾದ ಮೈಕಿನಿಂದ. ಪೂರ್ವನಿಯೋಜಿತ ಆಯ್ಕೆ ಬಾಯಿಗೆ ಹೇಗೋ ಕಿವಿಗೂ ಹಾಗೆಯೇ.

ಸ್ಕ್ರೂಗೇಜನ್ನು ಕೈಗೆ ಕೊಟ್ಟ ಮೊದಲ ದಿನ ನಾವು ಹುಡುಗರಿಗೆ ಸೊನ್ನೆಯ ದೋಷವನ್ನು ನೋಡಿಕೊಳ್ಳಿರೆಂದು ಹೇಳುತ್ತೇವೆ. ಗಣಕಯಂತ್ರ ಅಳತೆಯ ಸಾಧನವಾದ ಮೇಲೆ ಅದರ ಕಿವಿ ಯಾವುದು, ಬಾಯಿ ಯಾವುದು ಎಂದು ನೋಡಿಕೊಳ್ಳುವುದೂ ಅಷ್ಟೇ ಅವಶ್ಯಕ. ಅದು ರಿಪೇರಿಯಲ್ಲ, ಅಳತೆಯ ಮೊದಲ ಹೆಜ್ಜೆ.

ಇದಕ್ಕಿಂತ ನವುರಾದ ಇನ್ನೊಂದು ದೋಷವೂ ಇದೆ. ಪ್ರತಿಯೊಂದು ಸೌಂಡ್ ಕಾರ್ಡಿನೊಳಗೂ ಅದರದೇ ಆದ ಸ್ಫಟಿಕದ ಗಡಿಯಾರವಿರುತ್ತದೆ. ಎರಡು ಕಾರ್ಡುಗಳೂ ತಾವು ಸೆಕೆಂಡಿಗೆ ೪೮,೦೦೦ ಎಣಿಸುತ್ತೇವೆಂದು ಹೇಳಿಕೊಂಡರೂ ಎರಡು ಗಡಿಯಾರಗಳು ಎಂದೂ ಸರಿಸಮವಾಗಿ ನಡೆಯವು. ವ್ಯತ್ಯಾಸ ಹತ್ತು ಲಕ್ಷಕ್ಕೆ ೫೦ ಭಾಗವೆಂದಿಟ್ಟುಕೊಳ್ಳೋಣ. ಸೆಕೆಂಡಿಗೆ ೨.೪ ಅಂಕಿಗಳ ಅಂತರ. ಒಂದು ಗಂಟೆಯಲ್ಲಿ ೮,೬೪೦ ಅಂಕಿಗಳು, ಅಂದರೆ ೦.೧೮ ಸೆಕೆಂಡು. ಅಷ್ಟು ಕಾಲದಲ್ಲಿ ಧ್ವನಿ ಗಾಳಿಯಲ್ಲಿ ಸುಮಾರು ೬೨ ಮೀಟರ್ ದೂರ ಹೋಗಿರುತ್ತದೆ! ಒಂದು ಕಾರ್ಡಿನಿಂದ ನುಡಿಸಿ, ತಿಳಿಯದೆ ಇನ್ನೊಂದರಿಂದ ಕೇಳಿಸಿಕೊಂಡು ಧ್ವನಿಯ ವೇಗವನ್ನು ದೀರ್ಘಕಾಲ ಅಳೆಯಹೊರಟವನ ಪಾಡು ಏನಾದೀತೆಂದು ಯೋಚಿಸಿ. ಯಂತ್ರ ಯಾವ ದೂರನ್ನೂ ಹೇಳುವುದಿಲ್ಲ. ಉತ್ತರ ಬರುತ್ತದೆ, ತಪ್ಪಾದ ಉತ್ತರ. ನನ್ನ ಹಿರಿಯ ಮಿತ್ರರು ಇದನ್ನು ಕೇಳಿ ಮರುದಿನ ತಾವೇ ಎರಡು ಕಾರ್ಡುಗಳನ್ನು ಹಿಡಿದುಕೊಂಡು ಪ್ರಯೋಗಶಾಲೆಗೆ ಬಂದರೆಂಬುದನ್ನು ಸಂತೋಷದಿಂದ ಬರೆಯುತ್ತೇನೆ.

ಗ್ರಂಥಾಲಯದ ಯಂತ್ರಕ್ಕೆ ಮರಳೋಣ. ನಕ್ಷತ್ರವನ್ನು ಸರಿಯಾದ ಸಿಂಕಿಗೆ ತಂದಾಗ ಆಕೆಯ ಇಯರ್‌ಫೋನಿನಲ್ಲಿ ಕಂಠ ಬಂತು. ಕೆಲಸ ಮುಗಿಯಿತೆಂದುಕೊಂಡೆ. ಯಂತ್ರವನ್ನು ಆರಿಸಿ ಹೊತ್ತಿಸಿದರೆ, ಹೆಸರು ಮತ್ತು ಗುಟ್ಟಿನ ಪದವನ್ನು ಕೇಳುವ ಮೊದಲ ಪರದೆಯಲ್ಲಿ ಮತ್ತೆ ಮೌನ! ಆ ಮೊದಲ ಪರದೆ ಯಂತ್ರದ ಲೆಕ್ಕದಲ್ಲಿ ಬೇರೊಬ್ಬ ಬಳಕೆದಾರ. ನಾನು ಆಕೆಯ ಖಾತೆಯಲ್ಲಿ ಮಾಡಿದ ಆಯ್ಕೆ ಅವನಿಗೆ ಅನ್ವಯಿಸದು. ಆಕೆ ಒಳಗೆ ಬಂದ ಮೇಲೆ ಮಾತನಾಡುವ ಯಂತ್ರ, ಬಾಗಿಲಿನಲ್ಲಿ ಮಾತನಾಡುವುದಿಲ್ಲ. ಇದನ್ನು ಕಂಡುಹಿಡಿದದ್ದು ನಾನಲ್ಲ, ಆಕೆಯೇ. ಕೊನೆಗೆ ಗ್ರಾಫಿಕ್ಸ್ ಕಾರ್ಡಿನ ಧ್ವನಿಭಾಗವನ್ನು ಕರ್ನಲಿನ ಮಟ್ಟದಲ್ಲಿಯೇ ಮುಚ್ಚುವ ಒಂದು ಸಾಲನ್ನು ಬರೆದೆ. ಆ ಮೇಲೆ ಎಲ್ಲ ಅಂತಸ್ತುಗಳಿಗೂ ಕಾಣುವುದು ಒಂದೇ ಬಾಯಿ.

ನಾಳೆ ಯಾರಾದರೂ ಹೆಡ್‌ಸೆಟ್ಟೊಂದನ್ನು ತಂದು ಚುಚ್ಚಿದರೆ ಎಂದು ಆಕೆ ಕೇಳಿದಳು. ನ್ಯಾಯವಾದ ಪ್ರಶ್ನೆ. ಆದುದರಿಂದ ಕೀಲಿಮಣೆಯ ಮೂರು 키ಲಿಗಳನ್ನು ಒಟ್ಟಿಗೆ ಒತ್ತಿದರೆ, ಮೂಲಫಲಕದ ಸಿಂಕನ್ನು ಹೆಸರು ಹಿಡಿದು ಪೂರ್ವನಿಯೋಜಿತವಾಗಿ ಮಾಡಿ ಒಂದು ಗಂಟೆಯ ಸದ್ದನ್ನು ಹೊರಡಿಸುವಂತೆ ಇಬ್ಬರೂ ಸೇರಿ ಏರ್ಪಾಡು ಮಾಡಿದೆವು. ಇದಕ್ಕೆ ಪರದೆಯನ್ನು ನೋಡಬೇಕಾಗಿಲ್ಲ, ಯಾರನ್ನೂ ಕರೆಯಬೇಕಾಗಿಲ್ಲ. ಪರೀಕ್ಷೆಯ ಮುಂಚಿನ ವಾರದಲ್ಲಿಯೇ ಒಬ್ಬ ಉಪನ್ಯಾಸಕರು ಅಂತಹ ಹೆಡ್‌ಸೆಟ್ಟನ್ನು ಆ ಯಂತ್ರಕ್ಕೆ ಚುಚ್ಚಿ ಮರೆತು ಹೋದರಂತೆ. ಆಕೆ ಕೀಲಿಗಳನ್ನು ಒತ್ತಿ ಓದಿಗೆ ಕುಳಿತಳು. ನನಗೆ ತಿಳಿದದ್ದು ಪರೀಕ್ಷೆ ಮುಗಿದ ಮೇಲೆ.

ಹೊಸ ಸೌಂಡ್ ಕಾರ್ಡಿಗೆಂದು ಬರೆದಿದ್ದ ಕಾಗದವನ್ನು ಹಿಂದಕ್ಕೆ ಪಡೆಯಲು ನಾನು ಇನ್ನೊಂದು ಕಾಗದ ಬರೆದೆ. ಎರಡು ತಿಂಗಳಾದ ಮೇಲೆ ಕಾರ್ಡು ಬಂದೇ ಬಂತು. ಅದನ್ನು ಪ್ರಯೋಗಶಾಲೆಗೆ ಒಯ್ದು, ಅದರ ಗಿಡ್ಡ ಹೆಸರನ್ನು ಚೀಟಿಯ ಮೇಲೆ ಬರೆದು ಅಂಟಿಸಿ, ಎರಡು ಗಡಿಯಾರಗಳ ಪ್ರಯೋಗಕ್ಕೆ ಇಟ್ಟುಕೊಂಡಿದ್ದೇವೆ.